‘ಇದು ಮೊದಲು ನಡೆದದ್ದಾ, ಆಮೇಲಾ?’

ನಮ್ಮ ಮನೆಯಲ್ಲಿ ರಾತ್ರಿ ಊಟ ಮುಗಿಸಿ ಟಿವಿ ಮುಂದೆ ಕೂತಾಗ ಒಂದು ಪ್ರಶ್ನೆ ಪದೇಪದೇ ಬರುತ್ತದೆ. ಕೇಳುವವರು ನನ್ನ ಅಮ್ಮ. ‘ಇದು ಮೊದಲು ನಡೆದದ್ದಾ, ಆಮೇಲಾ?’ ಕೆಲವು ಸಲ ಉತ್ತರ ನನಗೆ ಗೊತ್ತಿರುತ್ತದೆ. ಎಷ್ಟೋ ಸಲ ಗೊತ್ತಿರುವುದಿಲ್ಲ. ಆಗ ‘ನೋಡ್ತಾ ಇರು, ಮುಂದೆ ಗೊತ್ತಾಗುತ್ತೆ’ ಎಂದುಬಿಡುತ್ತೇನೆ.

ಇವತ್ತು ನಾನು ಮಾತಾಡುವುದು ಅಮ್ಮನ ಆ ಪ್ರಶ್ನೆಯ ಬಗ್ಗೆ. ನಾನು ಧಾರಾವಾಹಿ ಬರೆದಿಲ್ಲ, ತೆಗೆದಿಲ್ಲ. ನೋಡುತ್ತೇನೆ, ತುಂಬ ನೋಡುತ್ತೇನೆ. ನನ್ನ ಹಾಗೆ ನೋಡುವವರೇ ಇಲ್ಲಿ ಜಾಸ್ತಿ ಇದ್ದೀರಿ ಅಂದುಕೊಂಡಿದ್ದೇನೆ. ಕಥೆ ಅರ್ಥವಾಗದಿದ್ದರೆ ನಾವು ಬಾಯಿ ಬಿಡುವುದಿಲ್ಲ. ‘ನನಗೇ ತಲೆಗೆ ಹೋಗಲಿಲ್ಲವೇನೋ’ ಎಂದು ಸುಮ್ಮನಾಗುತ್ತೇವೆ. ಕೇಳಿದರೆ, ‘ಗಮನ ಕೊಟ್ಟು ನೋಡಬೇಕು, ಮೊಬೈಲ್ ಪಕ್ಕಕ್ಕಿಡಬೇಕು’ ಎನ್ನುವವರು ಸಿಗುತ್ತಾರೆ. ಮೊಬೈಲ್ ಪಕ್ಕಕ್ಕಿಟ್ಟು, ಎರಡೆರಡು ಸಲ ನೋಡಿ, ಆಮೇಲೂ ಅರ್ಥವಾಗದೆ ಉಳಿದದ್ದರ ಬಗ್ಗೆ ನಾನು ಹೇಳುತ್ತಿದ್ದೇನೆ.

ಮೊದಲೇ ಒಂದು ಮಾತು. ಕೆಲವು ಸರಣಿಗಳ ಗುಟ್ಟು ಇಲ್ಲಿ ಹೊರಗೆ ಬರುತ್ತದೆ. ಗುಟ್ಟು ಹೇಳದೆ ಈ ವಿಷಯ ಮಾತಾಡಲು ಆಗುವುದಿಲ್ಲ.

‘ದಿ ವಿಚರ್’ನಿಂದ ಶುರು ಮಾಡುತ್ತೇನೆ. 2019ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಮೊದಲ ಸೀಸನ್‌ನಲ್ಲಿ 8 ಸಂಚಿಕೆ. ಮೂವರ ಕಥೆ ಇದೆ. ರಾಕ್ಷಸರನ್ನು ಕೊಲ್ಲುವ ಗೆರಾಲ್ಟ್, ಮಂತ್ರವಿದ್ಯೆ ಕಲಿಯುವ ಯೆನ್ನೆಫರ್, ರಾಜ್ಯ ಕಳೆದುಕೊಂಡು ಓಡುವ ಹುಡುಗಿ ಸಿರಿ. ಮೂರನ್ನೂ ಅಕ್ಕಪಕ್ಕ ತೋರಿಸುತ್ತಾರೆ. ಹಾಗೆ ತೋರಿಸಿದರೆ ನೋಡುವವರು ಏನಂದುಕೊಳ್ಳುತ್ತಾರೆ? ಮೂರೂ ಒಂದೇ ಕಾಲದಲ್ಲಿ ನಡೆಯುತ್ತಿವೆ ಎಂದೇ ಅಲ್ವಾ? ಆದರೆ ಇವುಗಳ ನಡುವೆ ಹತ್ತಾರು ವರ್ಷಗಳ ಅಂತರ ಇದೆ. ಪರದೆ ಮೇಲೆ ಎಲ್ಲಿಯೂ ಇಸವಿ ಇಲ್ಲ. ಗೆರಾಲ್ಟ್‌ನಂಥವರಿಗೂ ಮಂತ್ರವಾದಿಗಳಿಗೂ ಬೇಗ ವಯಸ್ಸಾಗುವುದಿಲ್ಲ, ಹಾಗಾಗಿ ಮುಖ ನೋಡಿಯೂ ಕಾಲ ತಿಳಿಯುವುದಿಲ್ಲ.

ಮೊದಲ ಸಂಚಿಕೆಯಲ್ಲಿ ಸಿರಿಯ ಅಜ್ಜಿ, ರಾಣಿ ಕಲಾಂಥೆ ಸಾಯುತ್ತಾಳೆ. ನಾಲ್ಕನೆಯದರಲ್ಲಿ ಗೆರಾಲ್ಟ್ ಒಂದು ಔತಣಕ್ಕೆ ಹೋಗುತ್ತಾನೆ. ಅಲ್ಲಿ ಅದೇ ರಾಣಿ ಜೋರಾಗಿ ಓಡಾಡಿಕೊಂಡಿದ್ದಾಳೆ! ನಾನು ಸಂಚಿಕೆಗಳ ಕ್ರಮ ತಪ್ಪಿ ನೋಡುತ್ತಿದ್ದೇನೆ ಅಂದುಕೊಂಡು ಹಿಂದೆ ಹೋಗಿ ಪರೀಕ್ಷಿಸಿದೆ. ಆಮೇಲೆ ಹೊಳೆಯಿತು. ಆ ಔತಣ ಸಿರಿಯ ತಾಯಿಯ ಮದುವೆಗಾಗಿ ನಡೆದದ್ದು. ಸಿರಿ ಇನ್ನೂ ಹುಟ್ಟೇ ಇಲ್ಲ.

ಇದನ್ನು ಜಾಣತನ ಎಂದು ಹೊಗಳಿದವರಿದ್ದಾರೆ. ನನಗೆ ಹಾಗೆ ಅನ್ನಿಸಲಿಲ್ಲ. ಕಾಲವನ್ನು ಬಚ್ಚಿಟ್ಟಿದ್ದರಿಂದ ಕಥೆಗೆ ಏನು ಸಿಕ್ಕಿತು? ರಾಣಿ ಮುಂದೆ ಹೇಗೆ ಸಾಯುತ್ತಾಳೆ ಎಂದು ಗೊತ್ತಿದ್ದು ಆ ಔತಣ ನೋಡಿದ್ದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು. ಆ ಸಂಕಟ ನಮಗೆ ಸಿಗಬೇಕಿತ್ತು. ಸಿಕ್ಕಿದ್ದು ‘ಇವಳು ಸತ್ತಿದ್ದಳಲ್ಲ?’ ಎನ್ನುವ ತಲೆಬಿಸಿ. ಎರಡನೆಯ ಸೀಸನ್ 2021ರಲ್ಲಿ ಬಂದಾಗ ಕಥೆಯನ್ನು ಹೆಚ್ಚುಕಡಿಮೆ ನೇರವಾಗಿ ಹೇಳಿದರು. ನಾನು ಅದನ್ನು ಒಂದೇ ವಾರದಲ್ಲಿ ನೋಡಿ ಮುಗಿಸಿದೆ.

ಇಷ್ಟು ಕೇಳಿ ನೀವು, ‘ಇವರಿಗೆ ನೇರ ಕಥೆಯೇ ಬೇಕು, ಹಿಂದೆ ಮುಂದೆ ಹೋಗುವ ಕಥೆ ಆಗುವುದಿಲ್ಲ’ ಅಂದುಕೊಳ್ಳಬಹುದು. ಅದಕ್ಕೇ ಈಗ ‘ಡಾರ್ಕ್’ ವಿಷಯಕ್ಕೆ ಬರುತ್ತೇನೆ.

‘ಡಾರ್ಕ್’ ಜರ್ಮನ್ ಸರಣಿ. 2017ರಿಂದ 2020ರವರೆಗೆ ಮೂರು ಸೀಸನ್, ಒಟ್ಟು 26 ಸಂಚಿಕೆ. ಬರಾನ್ ಬೋ ಒಡರ್ ಮತ್ತು ಯಾಂಟ್ಯ ಫ್ರೀಸ ಇದನ್ನು ಕಟ್ಟಿದವರು. ವಿಂಡನ್ ಎಂಬ ಸಣ್ಣ ಊರು. ಅಲ್ಲೊಂದು ಅಣುಸ್ಥಾವರ, ಕಾಡು, ಕಾಡಿನಲ್ಲಿ ಒಂದು ಗುಹೆ. ಗುಹೆಯೊಳಗೆ ಹೋದವರು 33 ವರ್ಷ ಹಿಂದಕ್ಕೋ ಮುಂದಕ್ಕೋ ಹೋಗಿ ಬೀಳುತ್ತಾರೆ. 2019, 1986, 1953. ನಾಲ್ಕು ಕುಟುಂಬ. ಒಬ್ಬೊಬ್ಬರನ್ನೂ ಎರಡು ಮೂರು ವಯಸ್ಸಿನಲ್ಲಿ ಬೇರೆ ಬೇರೆ ನಟರು ಆಡುತ್ತಾರೆ. ಹೆಸರುಗಳೋ, ನಮ್ಮ ಕಿವಿಗೆ ಹೊಸವು. ವಿಚರ್‌ಗಿಂತ ಹತ್ತು ಪಟ್ಟು ಸಿಕ್ಕು ಇರುವ ಕಥೆ ಇದು.

ಆದರೂ ಮೊದಲ ಎರಡು ಸೀಸನ್‌ನಲ್ಲಿ ನಾನು ದಾರಿ ತಪ್ಪಲಿಲ್ಲ. ಯಾಕೆ ಎಂದು ತುಂಬ ಯೋಚಿಸಿದ್ದೇನೆ. ಮೊದಲನೆಯದು ಸುಲಭದ ಸಂಗತಿ. ಅವರು ಇಸವಿಯನ್ನು ಬರೆದು ತೋರಿಸುತ್ತಾರೆ. ಚಿಕ್ಕ ವಯಸ್ಸಿನ ಮುಖವನ್ನೂ ದೊಡ್ಡ ವಯಸ್ಸಿನ ಮುಖವನ್ನೂ ಪರದೆ ಮೇಲೆ ಅಕ್ಕಪಕ್ಕ ಇಟ್ಟು, ಕೆಳಗೆ ಹಾಡು ಹಾಕಿ, ಮಾತಿಲ್ಲದೆ ಗುರುತು ಹಿಡಿಸುತ್ತಾರೆ. ಮಗುವಿಗೆ ನೆಂಟರ ಫೋಟೊ ತೋರಿಸಿ ‘ಇವರೇ ಅವರು ನೋಡು’ ಎನ್ನುತ್ತೇವಲ್ಲ, ಹಾಗೆ. ಅದರಿಂದ ಕಥೆಯ ಗಾಂಭೀರ್ಯ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಎರಡನೆಯದು ಇದಕ್ಕಿಂತ ಮುಖ್ಯ. ಯಾರಿಗೆ ಏನು ಬೇಕು ಎನ್ನುವುದು ಅಲ್ಲಿ ಯಾವಾಗಲೂ ಸ್ಪಷ್ಟ. ಮಿಕೆಲ್ ಎಂಬ ಹುಡುಗ 2019ರ ನವೆಂಬರ್‌ನಲ್ಲಿ ಕಾಣೆಯಾಗುತ್ತಾನೆ. ಅವನ ಅಪ್ಪ ಉಲ್‌ರಿಕ್ ಪೊಲೀಸ್. ಅಪ್ಪನಿಗೆ ಮಗ ಬೇಕು, ಅಷ್ಟೇ. ಹುಡುಗ 1986ಕ್ಕೆ ಹೋಗಿ ಸಿಕ್ಕಿಕೊಂಡಿದ್ದಾನೆ. ಅಪ್ಪ ಹುಡುಕಿಕೊಂಡು ಹೊರಟು 1953ಕ್ಕೆ ಹೋಗಿ ಬೀಳುತ್ತಾನೆ. ಅಲ್ಲಿ ಸೆರೆಯಾಗಿ, ಹುಚ್ಚಾಸ್ಪತ್ರೆಯಲ್ಲಿ 33 ವರ್ಷ ಕಳೆಯುತ್ತಾನೆ. ಎರಡನೆಯ ಸೀಸನ್‌ನಲ್ಲಿ, 1987ರಲ್ಲಿ, ಮುದುಕನಾದ ಉಲ್‌ರಿಕ್ ಮಗನನ್ನು ನೋಡುತ್ತಾನೆ. ಮಗ ಹುಡುಗನಾಗಿಯೇ ಇದ್ದಾನೆ. ಅಪ್ಪ ಮಾತ್ರ ಮುದುಕ. ಆ ದೃಶ್ಯದಲ್ಲಿ ನಾನೂ ಅಮ್ಮನೂ ಇಬ್ಬರೂ ಅತ್ತೆವು. ಕಾಲದ ಲೆಕ್ಕ ಅಷ್ಟು ಕ್ಲಿಷ್ಟವಾಗಿದ್ದರೂ ಅಮ್ಮ ಅಲ್ಲಿ ‘ಇದು ಮೊದಲಾ, ಆಮೇಲಾ’ ಎಂದು ಕೇಳಲಿಲ್ಲ. ಕೇಳುವ ಅಗತ್ಯ ಬರಲಿಲ್ಲ.

ಇಲ್ಲಿಂದ ನನಗೆ ಒಂದು ತಿಳುವಳಿಕೆ ಬಂತು. ಕಥೆಯಲ್ಲಿ ಉತ್ತರವನ್ನು ಎಷ್ಟು ಬೇಕಾದರೂ ಮುಚ್ಚಿಡಲಿ. ಪ್ರಶ್ನೆಯನ್ನು ಮುಚ್ಚಿಡಬಾರದು. ‘ಮಿಕೆಲ್ ಎಲ್ಲಿ?’ ಎನ್ನುವ ಪ್ರಶ್ನೆ ಕೈಯಲ್ಲಿದ್ದರೆ ನಾನು ಎಷ್ಟು ಸಂಚಿಕೆ ಬೇಕಾದರೂ ಕಾಯುತ್ತೇನೆ. ಅದು ಕುತೂಹಲ. ನಾನು ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇನೆ ಎಂಬುದೇ ತಿಳಿಯದಿದ್ದರೆ ಅದು ಗೊಂದಲ. ಪರದೆ ಮುಂದೆ ಕೂತಾಗ ಎರಡೂ ಒಂದೇ ಥರ ಕಾಣಬಹುದು, ಎರಡರಲ್ಲೂ ನಮಗೆ ಏನೋ ಗೊತ್ತಿರುವುದಿಲ್ಲ. ಆದರೆ ಒಂದರಲ್ಲಿ ಮುಂದಕ್ಕೆ ಬಾಗಿ ಕೂರುತ್ತೇವೆ. ಇನ್ನೊಂದರಲ್ಲಿ ಹಿಂದಕ್ಕೆ ಒರಗುತ್ತೇವೆ.

‘ಡಾರ್ಕ್’ ಮೂರನೆಯ ಸೀಸನ್ ಬಗ್ಗೆಯೂ ಹೇಳಿಬಿಡಬೇಕು. ಅಲ್ಲಿ ಇನ್ನೊಂದು ಲೋಕವೇ ಬರುತ್ತದೆ. ಅದೇ ಊರು, ಅದೇ ಜನ, ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಬದಲಾಗಿದೆ. ಮಾರ್ತಾ ಎಂಬ ಹುಡುಗಿಯ ಹಣೆ ಮೇಲೆ ಕೂದಲು ಇಳಿಬಿದ್ದಿದ್ದರೆ ಅದು ಆ ಲೋಕದವಳು. ಗುರುತು ಕೊಟ್ಟಿದ್ದಾರೆ, ಒಪ್ಪುತ್ತೇನೆ. ಆದರೆ ಆ ಎರಡನೆಯ ಲೋಕದ ಜನ ನನಗೆ ಹೊಸಬರು. ಅವರ ನೋವು ನನಗೆ ಇಳಿಯುವ ಮೊದಲೇ ಕಥೆ ಓಡಿತು. ನಾನು ನೋಟ್‌ಬುಕ್ ಹಿಡಿದು ವಂಶವೃಕ್ಷ ಬರೆಯುತ್ತಾ ನೋಡಿದೆ. ನೆಟ್‌ಫ್ಲಿಕ್ಸ್‌ನವರೇ ಒಂದು ಜಾಲತಾಣ ಮಾಡಿ, ನೀವು ಎಷ್ಟನೆಯ ಸಂಚಿಕೆಯಲ್ಲಿದ್ದೀರೋ ಅಷ್ಟರ ಮಟ್ಟಿಗೆ ಸಂಬಂಧಗಳನ್ನು ತೋರಿಸುವ ವ್ಯವಸ್ಥೆ ಮಾಡಿದ್ದರು. ಒಳ್ಳೆಯ ಕೆಲಸ. ಆದರೆ ಪುಸ್ತಕದಲ್ಲಿ ತಲೆ ತಗ್ಗಿಸಿ ಬರೆಯುತ್ತಿದ್ದರೆ ನಟರ ಮುಖ ನೋಡುವುದು ಯಾವಾಗ?

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ನನ್ನ ಅಮ್ಮ ಕರಾವಳಿಯವರು. ಬಯಲಾಟ ನೋಡುತ್ತಲೇ ಬೆಳೆದವರು. ಯಕ್ಷಗಾನ ರಾತ್ರಿಯಿಡೀ ನಡೆಯುತ್ತದೆ. ಮಧ್ಯರಾತ್ರಿ ನಿದ್ದೆ ಎಳೆಯುತ್ತದೆ, ಅಲ್ಲೇ ಚಾಪೆ ಮೇಲೆ ಒರಗುತ್ತಾರೆ. ಚೆಂಡೆ ಜೋರಾದಾಗ ಎಚ್ಚರ. ಎದ್ದು ಕಣ್ಣುಜ್ಜಿಕೊಂಡು ರಂಗಸ್ಥಳ ನೋಡಿದರೆ ಕಥೆ ಎಲ್ಲಿಗೆ ಬಂತು ಎಂದು ತಿಳಿಯುತ್ತದೆ. ಹೇಗೆ? ವೇಷ ನೋಡಿದರೆ ರಾಜನೋ ರಕ್ಕಸನೋ ಹೆಂಗಸೋ ಎಂದು ಗೊತ್ತಾಗುತ್ತದೆ. ಭಾಗವತರು ಪದ್ಯ ಹಾಡಿ ಸಂದರ್ಭ ಹೇಳುತ್ತಾರೆ. ಆಮೇಲೆ ಪಾತ್ರಧಾರಿ ಮಾತಿಗೆ ತೊಡಗಿ ತಾನು ಯಾರು, ಯಾಕೆ ಬಂದೆ ಎಂದು ಪೀಠಿಕೆ ಹಾಕುತ್ತಾನೆ. ನೋಡುವವನು ತೂಕಡಿಸುತ್ತಾನೆ, ಚಾ ಕುಡಿಯಲು ಎದ್ದು ಹೋಗುತ್ತಾನೆ, ಮತ್ತೆ ಬರುತ್ತಾನೆ. ಇದನ್ನೆಲ್ಲ ತಿಳಿದೇ ಆ ಕಲೆ ಬೆಳೆದಿದೆ. ಅಮ್ಮ ಟಿವಿ ಮುಂದೆ ಕೇಳುವ ಪ್ರಶ್ನೆ ಆ ರೂಢಿಯಿಂದ ಬಂದದ್ದು. ಇವನು ಯಾರು, ಯಾಕೆ ಬಂದ ಎಂದು ಯಾರಾದರೂ ಹೇಳುತ್ತಾರೆ ಎಂದು ಅವರು ಕಾಯುತ್ತಾರೆ.

ಹಿಂದೆ ಮುಂದೆ ಹೋಗಿ ಕಥೆ ಹೇಳುವುದೂ ನಮಗೆ ಹೊಸದಲ್ಲ. ಮಹಾಭಾರತದ ಯುದ್ಧ ಶುರುವಾಗುವ ರೀತಿ ನೆನಪಿಸಿಕೊಳ್ಳಿ. ಸಂಜಯ ರಣರಂಗದಿಂದ ಬಂದು ಧೃತರಾಷ್ಟ್ರನಿಗೆ ಮೊದಲು ಹೇಳುವುದು ಭೀಷ್ಮ ಬಿದ್ದ ಎಂಬ ಸುದ್ದಿ. ಆಮೇಲೆ ಹಿಂದಕ್ಕೆ ಹೋಗಿ ಅದು ಹೇಗಾಯಿತು ಎಂದು ದಿನದಿನವಾಗಿ ಹೇಳುತ್ತಾನೆ. ದ್ರೋಣ, ಕರ್ಣ, ಶಲ್ಯ, ಎಲ್ಲರದ್ದೂ ಹೀಗೆಯೇ. ಮೊದಲು ಸಾವು, ಆಮೇಲೆ ಕಥೆ. ಆ ಸಂಜಯನ ಮಾತನ್ನು ವೈಶಂಪಾಯನ ಜನಮೇಜಯನಿಗೆ ಹೇಳುತ್ತಿದ್ದಾನೆ. ಅದನ್ನು ಸೂತಪುರಾಣಿಕ ನೈಮಿಷಾರಣ್ಯದ ಋಷಿಗಳಿಗೆ ಹೇಳುತ್ತಿದ್ದಾನೆ. ಕಥೆಯೊಳಗೆ ಕಥೆ, ಅದರೊಳಗೆ ಕಥೆ. ಅಕ್ಷರ ಬಾರದವರೂ ಇದನ್ನು ಕೇಳಿ ಅರ್ಥ ಮಾಡಿಕೊಂಡರು. ಯಾಕೆಂದರೆ ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಪ್ರತಿ ಸಲವೂ ಗೊತ್ತು. ಕೇಳುತ್ತಿರುವ ಮುದುಕ ಅಪ್ಪನ ಎದೆಬಡಿತವೂ ಗೊತ್ತು.

‘ಸೇಕ್ರೆಡ್ ಗೇಮ್ಸ್’ ನೋಡಿದಾಗ ನನಗೆ ಈ ಸಂಜಯನೇ ನೆನಪಾದ. 2018ರಲ್ಲಿ ಬಂದ ಹಿಂದಿ ಸರಣಿ. ಗಾಯ್ತೊಂಡೆ ಎಂಬ ಭೂಗತ ದೊರೆ ಮೊದಲ ಸಂಚಿಕೆಯಲ್ಲೇ ಸಾಯುತ್ತಾನೆ. ಆದರೆ ಅವನ ದನಿ ಮುಂದುವರಿಯುತ್ತದೆ, ತನ್ನ ಬಾಲ್ಯದಿಂದ ಹೇಳುತ್ತಾ ಹೋಗುತ್ತದೆ. ಇತ್ತ ಇನ್‌ಸ್ಪೆಕ್ಟರ್ ಸರ್ತಾಜ್ ಇಂದಿನ ಮುಂಬೈಯಲ್ಲಿ ಓಡುತ್ತಾನೆ. ಎರಡು ಕಾಲ, ಎರಡು ಕಥೆ. ನಡುವೆ ಒಂದೇ ಗೂಟ: ಇನ್ನು 25 ದಿನದಲ್ಲಿ ಮುಂಬೈಗೆ ಏನೋ ಆಗಲಿದೆ. ಆ 25ರ ಲೆಕ್ಕ ಇರುವವರೆಗೆ ನೀವು ಎಲ್ಲಿದ್ದೀರಿ ಎಂದು ನಿಮಗೆ ಗೊತ್ತಿರುತ್ತದೆ. ಎರಡನೆಯ ಸೀಸನ್ ಕೊನೆಗೆ ಬಾಂಬ್ ಸಿಡಿಯಿತೋ ಇಲ್ಲವೋ ತೋರಿಸಲೇ ಇಲ್ಲ. ಬೇಸರವಾಯಿತು, ನಿಜ. ಆದರೆ ಗೊಂದಲವಾಗಲಿಲ್ಲ. ಉತ್ತರ ಸಿಗಲಿಲ್ಲ, ಪ್ರಶ್ನೆ ಕೈಯಲ್ಲೇ ಇತ್ತು.

ಈಗ ‘ವೆಸ್ಟ್‌ವರ್ಲ್ಡ್’. ಎಚ್‌ಬಿಒದಲ್ಲಿ 2016ರಲ್ಲಿ ಶುರುವಾಯಿತು. ಮನುಷ್ಯರಂತೆಯೇ ಇರುವ ಯಂತ್ರಗಳು ತುಂಬಿದ ಒಂದು ವಿಹಾರಧಾಮ. ಅಲ್ಲಿಗೆ ವಿಲಿಯಂ ಎಂಬ ಮೃದು ಸ್ವಭಾವದ ಯುವಕ ಬರುತ್ತಾನೆ. ಕಪ್ಪು ಬಟ್ಟೆ ಹಾಕಿದ ಒಬ್ಬ ಕ್ರೂರ ಮುದುಕನೂ ಓಡಾಡುತ್ತಿರುತ್ತಾನೆ. ಕೊನೆಯ ಸಂಚಿಕೆಯಲ್ಲಿ ತಿಳಿಯುತ್ತದೆ, ಇಬ್ಬರೂ ಒಬ್ಬನೇ. ನಡುವೆ ಸುಮಾರು 30 ವರ್ಷ ಕಳೆದಿದೆ. ಇಲ್ಲೂ ಕಾಲವನ್ನು ಬಚ್ಚಿಟ್ಟಿದ್ದಾರೆ, ವಿಚರ್‌ನಲ್ಲಿ ಮಾಡಿದ ಹಾಗೆಯೇ. ಆದರೆ ಇದನ್ನು ನಾನು ಒಪ್ಪುತ್ತೇನೆ. ಡೊಲೊರಿಸ್ ಎಂಬ ಯಂತ್ರ-ಹುಡುಗಿಯ ಕಣ್ಣಿನಿಂದ ನಾವು ಕಥೆ ನೋಡುತ್ತಿದ್ದೇವೆ. ಅವಳಿಗೆ ನೆನಪು ಮಾಸುವುದಿಲ್ಲ. 30 ವರ್ಷ ಹಿಂದಿನದೂ ಇವತ್ತಿನದೂ ಒಂದೇ ಸಮ ಎದುರಿಗೆ ನಿಲ್ಲುತ್ತವೆ. ಗೊಂದಲ ಅವಳದ್ದು, ಅದನ್ನು ನಾವೂ ಅನುಭವಿಸಿದೆವು. ಸುಳಿವುಗಳೂ ಇದ್ದವು. ಎರಡು ಕಾಲದಲ್ಲಿ ಆ ವಿಹಾರಧಾಮದ ಲಾಂಛನವೇ ಬೇರೆ ಬೇರೆ. ಇಂಟರ್ನೆಟ್‌ನಲ್ಲಿ ಎಷ್ಟೋ ವೀಕ್ಷಕರು ಕೆಲವೇ ವಾರಗಳಲ್ಲಿ ಗುಟ್ಟು ಕಂಡುಹಿಡಿದಿದ್ದರು.

ವೀಕ್ಷಕರು ಮೊದಲೇ ಕಂಡುಹಿಡಿದರೆ ಬರೆದವರು ಸೋತರು ಅಂತಲ್ಲ. ಕಂಡುಹಿಡಿಯುವ ಹಾಗೆ ಇಟ್ಟಿದ್ದೇ ಅವರ ಪ್ರಾಮಾಣಿಕತೆ. ಆದರೆ 2018ರ ಎರಡನೆಯ ಸೀಸನ್ ನೋಡಿದಾಗ, ಈ ಸಲ ಯಾರೂ ಊಹಿಸಬಾರದು ಎಂದೇ ಗಂಟು ಹಾಕಿದ್ದಾರೆ ಅನ್ನಿಸಿತು. ಆ ವಿಹಾರಧಾಮದಲ್ಲಿ ಕೆಲಸ ಮಾಡುವ, ತಾನೂ ಯಂತ್ರವೇ ಆಗಿರುವ ಬರ್ನಾರ್ಡ್‌ನ ನೆನಪು ಕಲಸಿಹೋಗಿದೆ, ದೃಶ್ಯಗಳೂ ಕಲಸಿಹೋಗಿವೆ. ಹಣೆಯ ಗಾಯ, ಕನ್ನಡಕ, ಬಟ್ಟೆ ನೋಡಿ ಇದು ಯಾವ ದಿನ ಎಂದು ಲೆಕ್ಕ ಹಾಕಬೇಕು. ಲೆಕ್ಕ ಹಾಕಿದೆ. ಆದರೆ ಬರ್ನಾರ್ಡ್‌ಗೆ ಏನು ಬೇಕು ಎಂದು ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕು ಸೀಸನ್ ಆದ ಮೇಲೆ 2022ರ ನವೆಂಬರ್‌ನಲ್ಲಿ ಸರಣಿಯನ್ನು ನಿಲ್ಲಿಸಿದರು. ಬರೆದವರು ಐದನೆಯದರಲ್ಲಿ ಮುಗಿಸಬೇಕು ಎಂದುಕೊಂಡಿದ್ದರು. ಕಥೆಗೆ ಕೊನೆ ಸಿಗಲೇ ಇಲ್ಲ.

ಕೊನೆಯ ಮಾತು ಬಂದಾಗ ‘ಲಾಸ್ಟ್’ ನೆನಪಾಗದೆ ಇರುವುದಿಲ್ಲ. ಅಮೆರಿಕದ ಎಬಿಸಿ ವಾಹಿನಿಯಲ್ಲಿ 2004ರಿಂದ 2010ರವರೆಗೆ ಬಂತು. ಸಿಡ್ನಿಯಿಂದ ಲಾಸ್ ಏಂಜಲಿಸ್‌ಗೆ ಹೊರಟ ವಿಮಾನ ಒಂದು ದ್ವೀಪದಲ್ಲಿ ಬೀಳುತ್ತದೆ. ಉಷ್ಣ ಪ್ರದೇಶದ ದ್ವೀಪದಲ್ಲಿ ಹಿಮಕರಡಿ! ನೆಲದಲ್ಲಿ ಒಂದು ಮುಚ್ಚಳ, 4, 8, 15, 16, 23, 42 ಎಂಬ ಸಂಖ್ಯೆಗಳು. ಪ್ರತಿ ವಾರ ಹೊಸ ರಹಸ್ಯ. ಆದರೆ ಎಷ್ಟು ಸೀಸನ್ ನಡೆಯುತ್ತದೆ ಎಂದು ಬರೆಯುವವರಿಗೇ ಗೊತ್ತಿರಲಿಲ್ಲ. ಕೊನೆ ಎಲ್ಲಿ ಎಂದು ತಿಳಿಯದೆ ರಹಸ್ಯ ಬಿಚ್ಚುವುದು ಹೇಗೆ? ಬಿಚ್ಚಿದರೆ ಮುಂದಿನ ವಾರಕ್ಕೆ ಏನೂ ಉಳಿಯುವುದಿಲ್ಲ. ಮೂರನೆಯ ಸೀಸನ್‌ನಲ್ಲಿ ಮುಖ್ಯ ಪಾತ್ರವಾದ ಜ್ಯಾಕ್‌ನ ಹಚ್ಚೆಯ ಹಿನ್ನೆಲೆ ಹೇಳಲು ಒಂದು ಇಡೀ ಸಂಚಿಕೆ ಕಳೆದರು. ಅದನ್ನು ಯಾರೂ ಕೇಳಿರಲಿಲ್ಲ. ನಿರ್ಮಾಪಕರೇ ಆಮೇಲೆ ಆ ಸಂಚಿಕೆಯನ್ನು ತೋರಿಸಿ, ಕಥೆಗೆ ಕೊನೆ ಗೊತ್ತು ಮಾಡಲೇಬೇಕಾಗಿತ್ತು ಎಂದು ಹೇಳಿದ್ದಾರೆ. 2007ರ ಮೇ ತಿಂಗಳಲ್ಲಿ ವಾಹಿನಿ ಒಪ್ಪಿತು: ಇನ್ನು ಮೂರು ಸೀಸನ್, 48 ಸಂಚಿಕೆ, 2010ಕ್ಕೆ ಮುಕ್ತಾಯ. ಅದೇ ತಿಂಗಳು ಬಂದ ಮೂರನೆಯ ಸೀಸನ್‌ನ ಕೊನೆಯ ಸಂಚಿಕೆ ಅದ್ಭುತ. ಹಳೆಯ ದಿನಗಳು ಎಂದು ನಾವು ನೋಡುತ್ತಿದ್ದದ್ದು ಮುಂದಿನ ದಿನಗಳು ಎಂದು ಕೊನೆಯ ನಿಮಿಷಗಳಲ್ಲಿ ತಿಳಿಯುತ್ತದೆ. ಆ ಒಂದು ತಿರುವಿನಿಂದ ಹೊಸ ಪ್ರಶ್ನೆ ಹುಟ್ಟಿತು. ಇವರು ದ್ವೀಪದಿಂದ ಹೇಗೆ ಪಾರಾದರು, ಪಾರಾದ ಮೇಲೂ ಯಾಕೆ ಸಂಕಟಪಡುತ್ತಿದ್ದಾರೆ?

‘ಲಾಸ್ಟ್’ ಮುಗಿದದ್ದರ ಬಗ್ಗೆ ಇನ್ನೊಂದು ಸಂಗತಿ ಹೇಳಬೇಕು. ‘ಅವರೆಲ್ಲ ಮೊದಲೇ ಸತ್ತಿದ್ದರಂತೆ’ ಎಂದು ಇವತ್ತಿಗೂ ಹೇಳುವವರು ಸಿಗುತ್ತಾರೆ. ಅದು ತಪ್ಪು. ಕೊನೆಯ ಸಂಚಿಕೆಯಲ್ಲಿ ಜ್ಯಾಕ್‌ನ ಅಪ್ಪ ಎಲ್ಲವೂ ನಿಜವಾಗಿ ನಡೆದದ್ದೇ ಎಂದು ಬಾಯಿಬಿಟ್ಟು ಹೇಳುತ್ತಾನೆ. ಆದರೆ ಹೆಸರುಗಳು ಉರುಳುವಾಗ ವಾಹಿನಿಯವರು ಖಾಲಿ ಕಡಲತೀರದಲ್ಲಿ ಬಿದ್ದ ವಿಮಾನದ ಅವಶೇಷದ ಚಿತ್ರಗಳನ್ನು ಹಾಕಿದರು. ಭಾರವಾದ ದೃಶ್ಯದಿಂದ ಸೀದಾ ವಾರ್ತೆಗೆ ಹಾರಬಾರದು ಎಂದು, ಒಳ್ಳೆಯ ಮನಸ್ಸಿನಿಂದಲೇ. ನೋಡಿದವರು, ‘ಓ, ಯಾರೂ ಬದುಕಿರಲೇ ಇಲ್ಲ’ ಎಂದು ಅರ್ಥ ಮಾಡಿಕೊಂಡರು. ಆರು ವರ್ಷದ ಕೆಲಸ ಒಂದೆರಡು ನಿಮಿಷದ ಚಿತ್ರಗಳಲ್ಲಿ ಕದಡಿತು. ನೋಡುವವರು ಗಮನ ಕೊಡುವುದಿಲ್ಲ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಅವರು ಕೊನೆಯ ಚಿತ್ರದವರೆಗೂ ಗಮನ ಕೊಟ್ಟಿದ್ದರು.

ನಮ್ಮ ಕನ್ನಡ ಧಾರಾವಾಹಿಗಳ ಬಗ್ಗೆ ಮಾತಾಡದೆ ಹೋದರೆ ಸರಿಯಲ್ಲ. ಇಲ್ಲಿ ಕಾಲದ ಗೊಂದಲ ಕಡಿಮೆ. ಹಿಂದಿನ ಸಂಚಿಕೆಯ ತುಣುಕು ತೋರಿಸುತ್ತಾರೆ, ಹಳೆಯ ದೃಶ್ಯಕ್ಕೆ ಬಣ್ಣ ಬದಲಿಸುತ್ತಾರೆ. ಆ ಕಾಳಜಿ ನನಗೆ ಇಷ್ಟ. ಇಲ್ಲಿರುವ ಗೊಂದಲ ಬೇರೆ. ಸೋಮವಾರ ಅತ್ತೆಯನ್ನು ತಾಯಿಯಂತೆ ನೋಡಿದ ಸೊಸೆ, ಗುರುವಾರ ಅವಳಿಗೆ ವಿಷ ಹಾಕುವ ಯೋಚನೆ ಮಾಡುತ್ತಾಳೆ. ನಡುವೆ ಏನಾಯಿತು? ಏನೂ ಆಗಿರುವುದಿಲ್ಲ. ಪ್ರತಿ ಗುರುವಾರ ಟಿಆರ್‌ಪಿ ಅಂಕಿ ಬರುತ್ತದೆ. ಅಂಕಿ ಇಳಿದರೆ ಕಥೆಯ ದಿಕ್ಕು ಬದಲಾಗುತ್ತದೆ. ಎಷ್ಟೋ ಕಡೆ ಪ್ರಸಾರಕ್ಕೆ ಕೆಲವೇ ದಿನ ಮುಂಚೆ ಚಿತ್ರೀಕರಣ ನಡೆಯುತ್ತದೆ. ಮೊದಲೇ ತೆಗೆದಿಟ್ಟ ಸಂಚಿಕೆಗಳು ಕೈಯಲ್ಲಿ ಇರುವುದಿಲ್ಲ. ಹೀಗಿದ್ದಾಗ ಬರೆಯುವವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ‘ಯಾವಾಗ’ ತಪ್ಪಿದರೆ ಸರಿ ಮಾಡಿಕೊಳ್ಳಬಹುದು, ‘ಯಾಕೆ’ ತಪ್ಪಿದರೆ ಆ ಪಾತ್ರವೇ ಕೈ ತಪ್ಪುತ್ತದೆ. ನಟಿ ಬದಲಾದರೂ ನಾವು ಒಂದು ವಾರದಲ್ಲಿ ಒಗ್ಗಿಕೊಳ್ಳುತ್ತೇವೆ. ಮನಸ್ಸು ಬದಲಾದರೆ ಒಗ್ಗುವುದಿಲ್ಲ.

ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳು ಇಲ್ಲಿ ಕೂತ ಎಷ್ಟೋ ಜನರಿಗೆ ನೆನಪಿರಬೇಕು. 1998ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ವನ್ನು ಅವರು ಪಿ. ಶೇಷಾದ್ರಿ, ನಾಗೇಂದ್ರ ಶಾ ಜೊತೆ ಸೇರಿ ಮಾಡಿದರು. ಆಮೇಲೆ ‘ಮುಕ್ತ’ ಬಂತು. ಪಾತ್ರಗಳು ಕಡಿಮೆಯೇನಲ್ಲ. ಆದರೆ ಸೀತಾರಾಂ ಅವರ ಕಥೆಗಳಲ್ಲಿ ಕೋರ್ಟ್ ದೃಶ್ಯಗಳು ಬರುತ್ತವಲ್ಲ, ಅವು ಬರೀ ವಾದದ ಬಿಸಿಗಾಗಿ ಇರಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಕಟಕಟೆಯಲ್ಲಿ ನಿಂತವರನ್ನು ವಕೀಲರು ಕೇಳುತ್ತಾರೆ: ಆ ದಿನ ಎಲ್ಲಿದ್ದಿರಿ, ಯಾರು ಬಂದರು, ಆಮೇಲೆ ಏನಾಯಿತು. ಚದುರಿಹೋದ ಕಥೆ ಅಲ್ಲಿ ಸಾಲಾಗಿ ನಿಲ್ಲುತ್ತದೆ. ನಾಲ್ಕು ದಿನ ನೋಡದೆ ಇದ್ದವರೂ ಮತ್ತೆ ಒಳಗೆ ಬರಬಹುದು. ಭಾಗವತರ ಪದ್ಯದ ಕೆಲಸವನ್ನು ಅಲ್ಲಿ ವಕೀಲರು ಮಾಡುತ್ತಿದ್ದರು.

ಕಥೆಯ ತಪ್ಪಿಲ್ಲದೆಯೂ ಗೊಂದಲ ಆಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ‘ಗೇಮ್ ಆಫ್ ಥ್ರೋನ್ಸ್’ ಕೊನೆಯ ಸೀಸನ್‌ನ ಮೂರನೆಯ ಸಂಚಿಕೆ, 2019ರ ಏಪ್ರಿಲ್‌ನದ್ದು. ರಾತ್ರಿಯ ಯುದ್ಧ. ಪರದೆ ಎಷ್ಟು ಕತ್ತಲೆ ಎಂದರೆ ಯಾರು ಯಾರನ್ನು ಹೊಡೆದರು ಎಂದು ಕಾಣಲಿಲ್ಲ. ಲೋಕದ ತುಂಬ ಜನ ದೂರಿದರು. ದೊಡ್ಡ ಕತ್ತಲೆ ಕೋಣೆಯಲ್ಲಿ, ಒಳ್ಳೆಯ ಪರದೆಯಲ್ಲಿ ನೋಡಿದರೆ ಕಾಣುತ್ತದೆ ಎನ್ನುತ್ತಾರೆ. ನಮ್ಮ ಹಾಲ್‌ನಲ್ಲಿ ಟ್ಯೂಬ್‌ಲೈಟ್ ಇದೆ, ಪಕ್ಕದಲ್ಲಿ ದೇವರ ಕೋಣೆಯ ದೀಪ ಇದೆ. ಮಾತಿನ ಸದ್ದಿನದೂ ಇದೇ ಕಥೆ. ಪಿಸುಮಾತು ಕೇಳಿಸುವುದಿಲ್ಲ, ವಾಲ್ಯೂಮ್ ಏರಿಸಿದರೆ ಮುಂದಿನ ದೃಶ್ಯದ ಸ್ಫೋಟಕ್ಕೆ ಮನೆ ನಡುಗುತ್ತದೆ. ಸಬ್‌ಟೈಟಲ್ ಹಾಕಿದರೆ ಓದುವಷ್ಟರಲ್ಲಿ ಮುಖ ಹೋಗಿರುತ್ತದೆ. ಅಮ್ಮನಿಗೆ ನಾನೇ ಕನ್ನಡದಲ್ಲಿ ಹೇಳುತ್ತಾ ಹೋಗಬೇಕು. ನನಗೆ ಗೊತ್ತಾಗದ್ದನ್ನು ಅವರಿಗೆ ಹೇಗೆ ಹೇಳಲಿ?

‘ಡಾರ್ಕ್’ ನೋಡಿ ಮುಗಿಸಿದ ಮರುದಿನ ಪಕ್ಕದ ಮನೆಯವರು ಬಂದಿದ್ದರು. ರಾತ್ರಿ ಹೊತ್ತು ಏನು ನೋಡುತ್ತಿದ್ದೀರಿ, ಅಳುವ ಸದ್ದು ಕೇಳಿಸಿತು ಎಂದರು. ಅಮ್ಮ ಕಾಫಿ ಕೊಡುತ್ತಾ ಹೇಳಿದರು: ‘ಒಂದು ಊರಲ್ಲಿ ಒಬ್ಬ ಹುಡುಗ ಕಳೆದುಹೋದ. ಹಳೇ ಕಾಲಕ್ಕೆ ಹೋಗಿಬಿಟ್ಟಿದ್ದ, ವಾಪಸ್ ಬರ್ಲಿಕ್ಕೆ ಆಗ್ಲಿಲ್ಲ. ಅಲ್ಲೇ ಬೆಳೆದು ದೊಡ್ಡವನಾಗಿ, ಮದುವೆಯಾಗಿ, ತನ್ನ ಸ್ವಂತ ಅಪ್ಪ ಅಮ್ಮ ಇರುವ ಊರಲ್ಲೇ ಬೇರೆಯವನಾಗಿ ಬದುಕಿದ. ಅಪ್ಪ ಅಮ್ಮ ಎದುರಿಗೇ ಓಡಾಡ್ತಿದ್ರೂ ಹೇಳ್ಕೊಳ್ಳಿಕ್ಕೆ ಆಗ್ಲಿಲ್ಲ ಪಾಪ.’

ಪಕ್ಕದ ಮನೆಯವರು ಲೋಟ ಕೆಳಗಿಟ್ಟು ಕೇಳಿದರು: ‘ಆಮೇಲೆ?’